ನಮ್ಮ ಓಣಿ ಸಾವಕಾರ ಆದದ್ದು

ಇಡೀ ದುನಿಯಾದ ಬಡವರು ಒಂದ ಕಡೆ, ಸಾವಕಾರರು ಒಂದ ಕಡೆ ಅಂತ ನಕಾಶಿ ಮ್ಯಾಲೆ ಒಂದು ದೊಡ್ಡ ಗೆರಿ ಹೊಡದಾರ ನೋಡು, ಆ ಗೆರಿ ಬಗ್ಗಿಸಿ ಬಂದಾಕಿ ನಾನು. ಹೊಂಬಳದ ಹುಚ್ಚವ್ವ. ನಗಬ್ಯಾಡ. ಅರ್ಧಾ ಸುಳ್ಳು ಐತಿ, ಒಪ್ಕೋತೀನಿ. ನಾ ಹೋಗೂದಕ್ಕಿಂತ ಮೊದಲ ಅದು ಬಗ್ಗಿತ್ತು, ನಾ ಹೋಗಿ ಬೊಟ್ಟ ಇಟ್ಟ ತೋರಿಸಿದ್ನಿ ಅಷ್ಟ. ಆದ್ರ ಉಳದ ಅರ್ಧಾ ಖರೆ ಐತಿ, ಮತ್ತ ಆ ಅರ್ಧಾಕ್ಕ ಬಂದ ಸಿಟ್ಟು ಇನ್ನೂ ಆರಿಲ್ಲ. ಈಗೂ ನನ್ನ ನೆತ್ತಿ ಮ್ಯಾಲೆ ಹಂಚ ಇಟ್ರ ಹತ್ತ ರೊಟ್ಟಿ ಬೇಯತಾವ.

ಸರಕೊಂಡ ಕುಂಡರ ತಂಗಿ. ಹೊಂಬಳ ಬಸ್ಸು ಬರಾಕ ಇನ್ನೂ ಹೊತ್ತೈತಿ.

ನನಗ ಸೌಂದರ್ಯಾ ಅಂತ ಒಬ್ಬಾಕಿ ಮೊಮ್ಮಗಳದಾಳ. ನನ್ನ ಮಗ ಕಳಕೇಶನ ಮಗಳು. ಅಂವ ಮಂದಿ ಟ್ರ್ಯಾಕ್ಟರ್ ಹೊಡೀತಾನ, ಸೊಸಿ ಮಂದಿ ಹೊಲದಾಗ ಜ್ವಾಳಾ ಕೊಯ್ತಾಳ. ಈ ಹುಡಿಗಿ ಪಿಯುಸಿ ಮುಗಿಸಿ, ನಾ ನರ್ಸ್ ಆಗಾಕಿನ, ಅದ್ಯಾಂಗ ಬಿಡಂಗಿಲ್ಲ ನೋಡ್ತೀನಿ ಅಂತ ಹಟಾ ಹಿಡದ ಕುಂತ್ಲು. ಓಣ್ಯಾಗ ಯಾರಿಗೆ ಜ್ವರಾ ಬಂದ್ರೂ ಈಕಿನ ಓಡಬೇಕು. ಕಟ್ಟಿ ಮ್ಯಾಲೆ ಮಲಗಿದ ನಾಯಿಗೂ ನಾಡಿ ಹಿಡದ ನೋಡ್ತಾಳ. ನನ್ನ ಬಿ.ಪಿ. ನೋಡಿ ನೋಡಿ ರಟ್ಟಿ ಅರ್ಧಾ ಸವದ ಹೋಗೈತಿ.

ಗದಗದಾಗ ಒಂದು ಸಂಸ್ಥಿ ಐತಿ. ಹೆಸರ ಎಷ್ಟ ಉದ್ದ ಐತಿ ಅಂದ್ರ ಹೇಳಿ ಮುಗಿಸೂದ್ರಾಗ ಮುಂಡರಗಿ ಮುಟ್ಟತೀವಿ. ಹೊರದೇಶದವರು ನಡಸತಾರ. ನರ್ಸ್ ಕಲಸತಾರ, ಇರಾಕ ಜಾಗಾ, ಉಣ್ಣಾಕ ಊಟಾ, ಎಲ್ಲಾ ಪುಕ್ಕಟೆ. ಊರಿಗೆ ಒಂದ ಸೀಟು. ಹೊಂಬಳದಿಂದ ಇಬ್ಬರು ಹುಡಿಗ್ಯಾರು ಅರ್ಜಿ ಹಾಕಿದ್ರು. ಒಬ್ಬಾಕಿ ನಮ್ಮ ಸೌಂದರ್ಯಾ. ಇನ್ನೊಬ್ಬಾಕಿ ಶಾಂಭವಿ, ದೊಡ್ಡ ಓಣಿ ಅಂಗಡಿ ಅಂದಪ್ಪನ ಮಗಳು. ಇಬ್ಬರೂ ಸಣ್ಣಾಕ್ಯಾರಿದ್ದಾಗಿಂದ ಗೆಣತ್ಯಾರು, ಒಂದ ಬೆಂಚಿನ್ಯಾಗ ಕುಂತ ಕಲತವರು.

ಅಂದಪ್ಪಂದು ಕಿರಾಣಿ ಅಂಗಡಿ, ಹತ್ತಿ ವ್ಯಾಪಾರ, ನಾಕ ಕೂರಿಗಿ ಎರಿ ಹೊಲಾ. ಮನಿ ಅಜ್ಜನ ಕಾಲದ ಮಣ್ಣಿನ ಮಾಳಗಿ, ಒಳಗ ಹೊಕ್ರ ದಾರಿ ತಪ್ಪತೈತಿ, ಅಷ್ಟ ದೊಡ್ಡದು. ನಂದು ಹಿಂದಿನ ಓಣ್ಯಾಗ, ಸರಕಾರ ಕಟ್ಟಿಸಿಕೊಟ್ಟ ಎರಡ ಖೋಲಿ, ಮ್ಯಾಲೆ ಸ್ಲ್ಯಾಬು. ಒಳಗ ಹೊಕ್ಕು ಒಂದು ಸೀನು ಸೀನಿದ್ರ ಹೊರಗ ಬಂದಿರ್ತಿ.

ಆ ಸಂಸ್ಥಿಯವರು ಸೀಟು ಕೊಡೂಕಿಂತ ಮೊದಲ ಊರ ನೋಡಾಕ ಬರತಾರಂತ. ಒಂದೊಂದು ಓಣಿಗೆ ಒಂದ ಮನಿ ಚೀಟಿ ಎತ್ತತಾರ. ಆ ಮನಿ ಹ್ಯಾಂಗೈತಿ, ಇಡೀ ಓಣಿನ ಹಂಗೈತಿ ಅಂತ ಬರಕೋತಾರ. ನಮ್ಮ ಓಣ್ಯಾಗ ನಲವತ್ತ ಮನಿ. ಆ ನಲವತ್ತರಾಗ ನನ್ನ ಮನಿ ಚೀಟಿ ಬಿತ್ತು. ನಾಳೆ ಬೆಳಗ್ಗೆ ಅಂಬರೀಶ ಅನ್ನೂ ಸಾಹೇಬ ಬರ್ತಾನ, ಅವನ ಕೂಡ ಹೊರದೇಶದ ಮೇಡಮ್ಮು, ಒಬ್ಬ ಬಾಯಾರು ಬರ್ತಾರ ಅಂತ ಹಿಂದಿನ ದಿನ ಮಧ್ಯಾಹ್ನ ಖಬರ ಬಂತು.

ಈಗ ನಮ್ಮ ಕಡೆ ಒಂದು ಪದ್ಧತಿ ಐತಿ, ನಿನಗೂ ಗೊತ್ತಿರಬೇಕು. ಹುಡಿಗಿ ನೋಡಾಕ ಬೀಗರು ಬರ್ತಾರ ಅಂದ್ರ ಆ ಮನಿಗೆ ಇಡೀ ಊರಿನ ಸಾಮಾನು ಬರತಾವ. ಒಬ್ಬರ ಜಮಖಾನಿ, ಒಬ್ಬರ ಖುರ್ಚಿ, ಒಬ್ಬರ ಸ್ಟೀಲ ತಾಟು. ಹುಡಿಗಿ ಕೊಳ್ಳಾಗಿನ ಸರಾನೂ ಮಂದೀದು. ಕೊಟ್ಟವರು ಹೇಳಂಗಿಲ್ಲ, ಇಸಗೊಂಡವರು ಹೇಳಂಗಿಲ್ಲ. ಬೀಗರು ನೋಡಿ ಹೋಗಿಂದ ಎಲ್ಲಾ ತಮ್ಮ ತಮ್ಮ ಮನಿಗೆ ಹೋಗತಾವ. ನನ್ನ ಹಿತ್ತಾಳಿ ಪರಾತ, ಆ ಅಗಲಾದ ದೊಡ್ಡ ತಾಟು, ಹಂಗ ಹನ್ನೆರಡ ಹುಡಿಗ್ಯಾರ ಲಗ್ನಾ ಮಾಡೈತಿ. ಆ ಪರಾತ ಕುಂತ ಕಡೆ ಒಲ್ಲೆ ಅಂದ ಬೀಗರಿಲ್ಲ.

ಅಂದಪ್ಪನ ಹೆಂಡ್ತಿ ನೀಲಗಂಗವ್ವ ಓಡಕೋತ ಬಂದ್ಲು.

"ಯಕ್ಕಾ, ಹೊರದೇಶದಾಕಿನ್ನ ನಿನ್ನ ಹರಕ ಚಾಪಿ ಮ್ಯಾಲೆ ಕುಂಡರಸ್ತೀ ಏನ? ಹೊಂಬಳದ ಮಾನಾ ಏನಾಕ್ಕೈತಿ?"

"ಚಾಪಿ ಹರದಿಲ್ಲ, ಗಾಳ್ಯಾಡಾಕ ಬಿಟ್ಟೀನಿ."

"ನಗಸಬ್ಯಾಡ. ನಮ್ಮವರು ನಸಕಿನ್ಯಾಗ ಗದಗ ಪ್ಯಾಟಿಗೆ ಹೊಕ್ಕಾರ. ಅವರು ಹೋದ ಕೂಡಲೆ ಸಾಮಾನು ಕಳಸ್ತೀನಿ."

ನಮ್ಮ ಸೌಂದರ್ಯಾ ಬಾಗಲದಾಗ ನಿಂತಿದ್ಲು. "ಆಯಿ, ಇದು ಬಡವರ ಓಣಿ ಹುಡಿಗ್ಯಾರ ಸಲುವಾಗಿ ಇರೂ ಸೀಟು. ಮನಿ ಇದ್ದಂಗ ಇರಲಿ" ಅಂದ್ಲು.

ನಾ ಏನಂದ್ನಿ ಗೊತ್ತೈತೇನ? "ಬಡವರು ಅಂತ ಬಾಯಿಲೆ ಹೇಳೂಣು. ಮನಿ ತಗದ ತೋರಿಸಿ ಯಾಕ ಹೇಳಬೇಕು? ಬೋಳ ಮನಿ ಹುಡಿಗೀನ್ನ ಯಾರ ಆರಸ್ತಾರ?" ಅಂದ್ನಿ. ನನ್ನ ಬಾಯಾಗ ಆಗ ಹುಳಾ ಬೀಳಬೇಕಿತ್ತು.

ಮರುದಿನ ತಳ್ಳುಗಾಡಿ ಮ್ಯಾಲೆ ಮೆರವಣಿಗಿ ಬಂತು. ನೀಲಗಂಗವ್ವನ ಕೆಂಪ ಫ್ರಿಜ್ಜು, ಪ್ಲಾಸ್ಟಿಕ್ ಹೊದಿಕಿ ಸುದ್ದಾ ಸೋಫಾ, ಗಾಜಿನ ಟೀಪಾಯಿ, ಟಿವಿ, ನಿಂತ ಫ್ಯಾನು. ಆಕಿ ಕೈಯಾಗಿನ ನಾಕ ಬಂಗಾರದ ಬಳಿ ನಮ್ಮ ಸೊಸಿ ಕೈಗೆ. ಇಷ್ಟೆಲ್ಲಾ ಒಳಗ ಇಟ್ಟ ಮ್ಯಾಲೆ ಮನಿಯೊಳಗ ನಮಗ ಜಾಗಾ ಉಳೀಲಿಲ್ಲ. ನನ್ನ ಮಗ ಗ್ವಾಡಿಗೆ ಕ್ಯಾಲೆಂಡರ್ ನಿಂತಂಗ ನಿಂತ.

ಬಾಯಾರು ಬಂದ್ರು. ಎತ್ತರ ಅಂದ್ರ ಎತ್ತರ, ನನ್ನ ಬಾಗಲಾ ಹಾಯಾಕ ಮೂರ ಮಡಿಕಿ ಆಗಬೇಕಾತು. ನಾ ಗಂಡ ಸತ್ತಾಕಿ ಅಂತ ಹಿಂದ ನಿಂತ್ನಿ, ನೀಲಗಂಗವ್ವ ಆರತಿ ಮಾಡಿದ್ಲು. ಮಾಡಿ, ಹಿಂದಿನ ಬಾಗಲದಿಂದ ತನ್ನ ಮನಿಗೆ ಹೋದ್ಲು. ಬಾಯಾರು ಸೋಫಾದ ಮ್ಯಾಲೆ ಕುಂತು ಚಹಾ ಕುಡದ್ರು, ಮಿರ್ಚಿ ತಿಂದು ಕಣ್ಣಾಗ ನೀರ ತಂದ್ರು. ಅಂಬರೀಶ ಫೋನಿನ್ಯಾಗ ಬರಕೊಳ್ಳಾಕ ಹತ್ತಿದ. ಮೂವತ್ತ ವರ್ಷದ ಹುಡುಗ, ಇಸ್ತ್ರಿ ಮಾಡಿದ ಅಂಗಿ, ಮಾತು ಮೆತ್ತಗ.

"ಮ್ಯಾಲೆ ಸ್ಲ್ಯಾಬು... ಸರಿ. ಫ್ರಿಜ್ ನಿಮ್ಮದೇನ್ರಿ ಅಜ್ಜಿ?"

ಬಂದವರ ಮುಂದ ಇಸಗೊಂಡ ಬಂದದ್ದು ಅಂತ ಯಾರರ ಹೇಳತಾರೇನ ತಂಗಿ? "ನಮ್ಮದ ರೀ" ಅಂದ್ನಿ.

"ಕರೆಂಟ್ ಯಾಕ ಹಚ್ಚಿಲ್ಲ?"

"ಥಂಡಿ ದಿನಾ ಅಲ್ರಿ? ಅದಕ್ಕೂ ನೆಗಡಿ ಬರತೈತಿ."

ಬಾಯಾರಿಗೆ ಇಂಗ್ಲಿಷಿನ್ಯಾಗ ತಿರುವಿ ಹೇಳಿದ. ಆಕಿ ಗೊಳ್ಳ ಅಂತ ನಕ್ಲು. ನನಗ ಹುರುಪು ಏರಿತು. ಒಬ್ಬರು ನಕ್ರಂದ್ರ ನನ್ನ ನಾಲಗಿಗೆ ಮೂಗದಾಣ ಇರಂಗಿಲ್ಲ.

"ಹೊಲಾ ಎಷ್ಟ ಐತ್ರಿ?"

"ಈ ಬಾಗಲದಾಗ ನಿಂತ ನೋಡ್ರಿ, ಕಣ್ಣು ಹೋದ ಮಟಾ."

ಸೌಂದರ್ಯಾ ಹಿಂದಿನಿಂದ ನನ್ನ ಬೆನ್ನು ಚಿವುಟಿದ್ಲು. "ಆಯಿ, ಖರೆ ಹೇಳು" ಅಂತ ಪಿಸುಗುಟ್ಟಿದ್ಲು. ನಾ ಆಕಿನ್ನ ಹಂಗ ಗುರಾಯಿಸಿ ನೋಡಿದ್ನಿ, ಪಾಪ, ಹುಡಿಗಿ ನೆಲಾ ನೋಡಿತು. ಅಂಬರೀಶ ಬರಕೊಂಡ. ಅದು ನನ್ನ ಚ್ಯಾಷ್ಟಿ, ನಗಿ ಮಾತು ಅಂತ ಅವನಿಗೆ ತಿಳೀಬೇಕಿತ್ತಿಲ್ಲೋ? ಇದ ಜಿಲ್ಲಾದಾಗ ಹುಟ್ಟಿದಾಂವ. ಶಿರಹಟ್ಟಿ ಕಡೆಯವ ಅಂತ ತಾನ ಹೇಳಿದ. ಬೀಗರು ಬಂದಾಗ ಅವರವ್ವ ಪಕ್ಕದ ಮನಿ ತಾಟು ತಂದಿಲ್ಲೇನು?

ಮುಂದಿನದು ಕೇಳು. ದೊಡ್ಡ ಓಣಿ ಚೀಟಿ ಇನ್ನೂ ಎತ್ತಿರಲಿಲ್ಲ. ಬಾಯಾರಿಗೆ ನನ್ನ ಮ್ಯಾಲೆ ಭಾಳ ಪ್ರೀತಿ ಬಂದಿತ್ತಲ್ಲ, ನೀವ ಎತ್ತರಿ ಅಂತ ಡಬ್ಬಿ ನನ್ನ ಮುಂದ ಹಿಡದ್ರು. ಕೈ ಹಾಕಿ ಎತ್ತಿದ್ನಿ. ಅಂಬರೀಶ ಬಿಚ್ಚಿ ಓದಿದ: ಅಂದಪ್ಪ.

ಆ ಅಂದಪ್ಪನ ಸಾಮಾನೆಲ್ಲಾ ನನ್ನ ಮನ್ಯಾಗ ಕುಂತಾವ! ಬಾಯಾರ ಹಿಂದ ನಾನೂ ಹೊಂಟ್ನಿ. ಅಂದಪ್ಪನ ಪಡಸಾಲಿ ಬಣಬಣ ಅಂತಿತ್ತು. ಗ್ವಾಡಿ ಮ್ಯಾಲೆ ಟಿವಿ ಇದ್ದಲ್ಲಿ ನಾಕ ಮೊಳಿ, ಸೋಫಾ ಇದ್ದಲ್ಲಿ ನಾಕ ಕಾಲಿನ ಗುರುತು. ನೀಲಗಂಗವ್ವ ಬರೇ ಕೈಲೆ ನಿಂತಾಳ, ಕೈಯಾಗ ಎರಡ ಗಾಜಿನ ಬಳಿ.

"ಫ್ರಿಜ್ ಐತೇನ್ರಿ?"

ಆಕಿ ನನ್ನ ಮಾರಿ ನೋಡಿದ್ಲು. 'ಐತ್ರಿ, ಈಗ ಕುಂತ ಬಂದ್ರಲ್ಲಾ, ಆ ಮನ್ಯಾಗ ಐತಿ' ಅಂದ್ರ ನನ್ನ ಮಾನಾ ಹೋಗತಿತ್ತು. "ಇಲ್ರಿ" ಅಂದ್ಲು.

"ಸೋಫಾ, ಟಿವಿ?"

"ಇಲ್ರಿ."

"ಮಣ್ಣಿನ ಮಾಳಗಿ" ಅಂತ ತಾನ ಮ್ಯಾಲೆ ನೋಡಿ ಬರಕೊಂಡ. ಬಾಯಾರು ಚಾಪಿ ಮ್ಯಾಲೆ ಮಂಡಿ ಮುರದ ಕುಂತು ನೀಲಗಂಗವ್ವನ ಕೈ ಹಿಡಕೊಂಡ್ರು, ಕಣ್ಣೀರ ಹಾಕಿದ್ರು. ಈ ಸಲ ಮಿರ್ಚಿ ಇರಲಿಲ್ಲ. ನೀಲಗಂಗವ್ವ ಬಾಯಾರ ಹೆಗಲ ಮ್ಯಾಲಿಂದ ನನಗ ಕಣ್ಣ ಹೊಡದ್ಲು. ಅವತ್ತ ಆಕಿ ಹೇಳಿದ್ದು ನನ್ನ ಸಲುವಾಗಿ, ಅದರಾಗ ಎಳ್ಳಷ್ಟ ಕಪಟ ಇರಲಿಲ್ಲ. ಅದನ್ನ ನಾ ಯಾರ ಮುಂದ ಬೇಕಾದ್ರೂ ಹೇಳತೀನಿ.

ಒಂದು ತಿಂಗಳಾತು. ಪಂಚಾಯ್ತಿ ಗ್ವಾಡಿಗೆ ಕಾಗದ ಅಂಟಿಸಿದ್ರು. ಹೊಂಬಳದ ನಕಾಶಿ. ನಡಕ ಒಂದು ಕರೀ ಗೆರಿ. ಗೆರಿ ಆ ಕಡೆ ಕೆಂಪು, ಅದು ಬಡವರದು. ಈ ಕಡೆ ಹಸರು, ಅದು ಇದ್ದವರದು. ಹಿಂದಿನ ಓಣಿ ನಲವತ್ತೂ ಮನಿ ಹಸರು. ದೊಡ್ಡ ಓಣಿ ಕೆಂಪು. ತೆಳಗ ಬರದಿತ್ತು: ಸೀಟು ಶಾಂಭವಿಗೆ. ಸೌಂದರ್ಯಾನ ಮಾರ್ಕ್ಸು ಆಕಿಗಿಂತ ಮೂವತ್ತ ಜಾಸ್ತಿ. ಹಸರ ಓಣಿಯಾಕಿ ಅಂತ ಅರ್ಜೀನ ತಿರಗಿಸಿ ಕಳಿಸಿದ್ರು.

ಹುಡಿಗಿ ಅಳಲಿಲ್ಲ. ಅತ್ತಿದ್ರ ಚಲೋ ಇತ್ತು. ಸಂಜಿಕ ಅವರವ್ವನ ಹಳೇ ಕುಡಗೋಲು ತಗೊಂಡು ಕಟ್ಟಿ ಮ್ಯಾಲೆ ಮಸಿಯಾಕ ಕುಂತ್ಲು. "ನಾಳಿಂದ ನಾನೂ ಹೊಲಕ್ಕ ಬರ್ತೀನವ್ವಾ" ಅಂದ್ಲು. ಅಷ್ಟ. ಆ ಮಸಿಯೂ ಸಪ್ಪಳಾ ನನ್ನ ಹಲ್ಲಿನ್ಯಾಗ ಹೊಕ್ಕಿತು. ಇದ್ದದ್ದ ನಾಕ ಹಲ್ಲು.

ಓಣಿ ಹೆಣಮಕ್ಕಳು ಬಿಟ್ಟಾರೇನು? "ಸಾವಕಾರ್ತಿ ಬಂದ್ಲು, ದಾರಿ ಬಿಡ್ರಿ!" "ಯವ್ವಾ, ನಿನ್ನ ಫ್ರಿಜ್ಜಿನ್ಯಾಗ ನಮ್ಮ ನಲವತ್ತ ಮನಿ ಮಕ್ಕಳ ನಸೀಬ ಇಟ್ಟೀ ಏನ?" ಅಂತಾರ. ಚ್ಯಾಷ್ಟಿ ಮಾಡೂದು ನನ್ನ ಕಸಬು. ಆವತ್ತ ಆ ಕಸಬು ಓಣಿಯವರು ಕಸಗೊಂಡ್ರು.

ಸೀದಾ ಅಂದಪ್ಪನ ಅಂಗಡಿಗೆ ಹೋದ್ನಿ. ಅಂವ ಬೆಲ್ಲ ತೂಗತಿದ್ದ.

"ಅಂದಪ್ಪಾ, ಗದಗಕ್ಕ ಹೋಗಿ ಹೇಳು. ಆ ಸಾಮಾನು ನಿಮ್ಮವು ಅಂತ ಹೇಳು. ನಿನ್ನ ಮಗಳನ್ನ ದುಡ್ಡ ಕೊಟ್ಟ ಕಲಸೂ ತಾಕತ್ತ ನಿನಗೈತಿ."

"ಯಾವ ಸಾಮಾನು ಯಕ್ಕಾ?"

"ಯಾವ ಸಾಮಾನು ಅಂತೀ? ನಿನ್ನ ಫ್ರಿಜ್ಜು ನನ್ನ ಮನಿಯಾಗ ನಿಂತಿತ್ತಲ್ಲೋ!"

ಬೆಲ್ಲದ ಮ್ಯಾಲಿನ ನೊಣ ಹೊಡೀತ ಮೆಲ್ಲಕ ನಕ್ಕ. "ಹುಡಿಗಿ ನೋಡಾಕ ಬಂದಾಗ ಕೊಟ್ಟ ಸಾಮಾನು ನಮ್ಮದು ಅಂತ ಹೇಳೂ ಪದ್ಧತಿ ನಮ್ಮೂರಾಗ ಇಲ್ಲ. ನೀನ ಕಲಿಸಿದ್ದು ಯಕ್ಕಾ. ಹಿರ್ಯಾಕಿ ನೀನು. ಪದ್ಧತಿ ನಾ ಹ್ಯಾಂಗ ಮುರೀಲಿ?"

ಕೇಳಿದೇನ? ಬಡವರ ಮಾನಾ ಮುಚ್ಚಾಕ ಮಾಡಿದ ಪದ್ಧತಿ! ಅದನ್ನ ಹೊದ್ದಕೊಂಡು ಬಡವರದ ಕಸಗೊಂಡ ಭಾಡ್ಯಾ! ನಾ ಅಲ್ಲೇ ನಿಂತು ಅವನ ಮೂರ ತಲಿಮಾರು ಎತ್ತಿ ಬೈದ್ನಿ. ಬಾಜೂ ಊರ ಅಂತೂರ-ಬೆಂತೂರದಾಗ ಹೊಲಕ್ಕ ಹೋದವರು ಕೇಳಿ ಕೆಲಸಾ ನಿಲ್ಲಿಸಿದ್ರಂತ. ಒಳಗ ನೀಲಗಂಗವ್ವ ನಿಂತಿದ್ಲು. ಹೊರಗ ಬರಲಿಲ್ಲ.

ಮೂರ ದಿನದ ಮ್ಯಾಲೆ ಹೆಸರ ಪಕ್ಕಾ ಮಾಡೂ ದಿನಾ. ಸೌಂದರ್ಯಾನ ಕೈಯಾಗಿನ ಕುಡಗೋಲ ಕಸಗೊಂಡು, ಆಕಿನ್ನ ಎಳಕೊಂಡು ಗದಗಕ್ಕ ಬಂದ್ನಿ. ಸಂಸ್ಥಿ ಆಫೀಸಿನ್ಯಾಗ ಅಂಬರೀಶ ಕುಂತಿದ್ದ. ಅವನ ಹಿಂದಿನ ಗ್ವಾಡಿ ತುಂಬ ಇಡೀ ದುನಿಯಾದ ನಕಾಶಿ. ಅದರಾಗೂ ಮ್ಯಾಲೆ ಹಸರು, ತೆಳಗ ಕೆಂಪು, ನಡಕ ಗೆರಿ. ಪಕ್ಕದಾಗ ಗದಗ ಜಿಲ್ಲಾದ್ದೊಂದು. ಲಕ್ಷ್ಮೇಶ್ವರ ಅರ್ಧಾ ಹಸರು ಅರ್ಧಾ ಕೆಂಪು, ಮುಂಡರಗಿ ಮಾಗಿದ ಮೆಣಸಿನಕಾಯಿ ಹಂಗ ಕೆಂಪು.

"ಆ ಸಾಮಾನು ನನ್ನವಲ್ರಿ ಸಾಹೇಬ್ರ. ನಾ ಸುಳ್ಳ ಹೇಳಿದ್ನಿ" ಅಂದ್ನಿ. ಇಷ್ಟ ವರ್ಷದಾಗ ಮೊದಲ ಸಲ ಆ ಮಾತ ಸಾಹೇಬನ ಮುಂದ ಆಡಿದ್ದು.

"ಅಜ್ಜಿ, ಎಲ್ಲಾರೂ ಆಮ್ಯಾಲೆ ಹಂಗ ಹೇಳತಾರ. ಗೆರಿ ಹೊಡದು ಮುಗದೈತ್ರಿ. ಒಬ್ಬರ ಸಲುವಾಗಿ ಬಗ್ಗಸಾಕ ಬರಂಗಿಲ್ಲ."

"ಈ ನಕಾಶ್ಯಾಗ ನಾವೆಲ್ಲಿ ಅದೀವಿ?"

ತೋರಿಸಿದ. ನಮ್ಮ ದೇಶ ಪೂರಾ ಕೆಂಪು.

"ದೇಶ ಕೆಂಪು. ದೇಶದಾಗಿನ ನನ್ನ ಓಣಿ ಮಾತ್ರ ಹಸರು! ನನ್ನ ಹಿತ್ತಲಾ ಯಾವ ದೇಶಕ್ಕ ಹತ್ತೈತೋ ತಮ್ಮಾ?"

ನಾ ಗೆರಿ ಮ್ಯಾಲೆ ಬೊಟ್ಟ ಇಟ್ಟು ಹೊಂಟ್ನಿ. ಎಡಕಿನಿಂದ ಬಲಕ್ಕ ಬಂತು, ನಮ್ಮ ನೆತ್ತಿ ಮ್ಯಾಲೆ ಹಾದು ಹೋತು, ದೊಡ್ಡ ಸಮುದ್ರದ ಕಡೆ ಹೊಂಟಿತ್ತು, ಅಷ್ಟರಾಗ ನೋಡು, ಒಮ್ಮೆಲೇ ತೆಳಗ ಇಳೀತು! ತೆಳಗಿದ್ದ ಒಂದು ದೊಡ್ಡ ತುಂಡನ್ನ ಬಗಲಾಗ ಎತ್ತಿಕೊಂಡು ಹಸರಿನ ಕಡೆ ಹಾಕ್ಕೊಂಡೈತಿ.

"ಇದೇನಿದು?"

"ಅದು ಆಸ್ಟ್ರೇಲಿಯಾ ಅಜ್ಜಿ."

"ಇದು ತೆಳಗ ಐತಲ್ಲ?"

"ತೆಳಗ ಐತ್ರಿ, ಆದ್ರ ಸಾವಕಾರ ದೇಶ. ಅದಕ್ಕ ಗೆರೀನ ಅಲ್ಲಿ ಸ್ವಲ್ಪ ಬಗ್ಗಿಸಿ..." ಅಂದು ತನ್ನ ಮಾತು ತಾನ ನುಂಗಿದ.

"ಬಗ್ಗಿಸ್ಯಾರ! ಈಗ ಬಗ್ಗಂಗಿಲ್ಲ ಅಂದ್ಯಲ್ಲೋ! ಇದ್ದವರ ಸಲುವಾಗಿ ಸಮುದ್ರ ದಾಟಿ ಸಾವಿರಾರ ಹರದಾರಿ ಬಗ್ಗತೈತಿ. ನಮ್ಮ ಹೊಂಬಳದಾಗ ಒಂದು ಗಟಾರ ದಾಟಿ ಬಗ್ಗಾಕ ಅದರ ಸೊಂಟಾ ಹಿಡದೈತೇನು? ಆ ಆಸ್ಟ್ರೇಲಿಯಾದವರ ಮನಿಗೆ ಯಾರ ಹೋಗಿದ್ರಿ ಫ್ರಿಜ್ಜ ಎಣಸಾಕ? ಅಲ್ಲಿ ಹೋಗಿ ಒಂದ ಮನಿ ನೋಡಿ ಇಡೀ ದೇಶಕ್ಕ ಬಣ್ಣಾ ಬಳದ್ರಿ? ನನ್ನ ಮನಿಯೊಳಗ ಒಂದು ತಾಸು ಕುಂತು, ನಲವತ್ತ ಮನಿ ಮಕ್ಕಳಿಗೆ ಹಸರ ಬಳದು ಹೋದ್ರಿ. ಪಕ್ಕದ ಮನಿ ಬಾಗಲಾ ಬಡದಿದ್ರ ಕೈ ಸವೀತಿತ್ತೇನ ನಿಂದು?"

ಆಫೀಸಿನವರೆಲ್ಲಾ ಎದ್ದ ನಿಂತ್ರು. ಸೌಂದರ್ಯಾ "ಆಯಿ, ಸಾಕು, ಬಿ.ಪಿ." ಅಂತ ನನ್ನ ರಟ್ಟಿ ಹಿಡದ್ಲು. "ಬಿಡಲೇ, ಏರಲಿ. ಅದೊಂದರ ನಂದು ಮ್ಯಾಲಿನ ಕಡೆ ಹೋಗಲಿ" ಅಂದ್ನಿ.

ಅಷ್ಟರಾಗ ಬಾಗಲಾ ತಗದು ಅಂದಪ್ಪ ಬಂದ. ಹಿಂದ ಶಾಂಭವಿ, ಹೊಸಾ ಚೂಡಿದಾರ. ಆಕಿ ಹಿಂದ ನೀಲಗಂಗವ್ವ. ಸಹಿ ಮಾಡಾಕ ಬಂದಿದ್ರು. ಶಾಂಭವಿ ಸೌಂದರ್ಯಾನ್ನ ನೋಡಿ ನಗಾಕ ಹೋತು, ನಗಿ ಅರ್ಧಾಕ್ಕ ನಿಂತಿತು.

ಅಂಬರೀಶ ಮಾರಿ ಒರಸಿಕೊಂಡ. ಆ ಹುಡುಗಗ ಅಷ್ಟರ ನಾಚಿಕಿ ಇತ್ತು, ಸುಳ್ಳ ಯಾಕ ಹೇಳಲಿ. "ಅಜ್ಜಿ, ನಿಮ್ಮ ಬಾಯಿ ಮಾತಿನ ಮ್ಯಾಲೆ ನಾ ಏನೂ ಮಾಡಾಕ ಬರಂಗಿಲ್ಲ. ಆದ್ರ ಆ ಸಾಮಾನು ನಮ್ಮವು ಅಂತ ಈ ಮನಿಯವರು ಯಾರರ ಒಬ್ಬರು ಹೇಳಿದ್ರ ಎರಡೂ ಓಣಿ ಬಣ್ಣಾ ಅದಲಬದಲ ಆಗತಾವ. ಸೀಟು ನಿಮ್ಮ ಹುಡಿಗೀದು. ಹೇಳಲಿಲ್ಲಂದ್ರ ಇವತ್ತ ಸಂಜಿ ಐದಕ್ಕ ಈಕಿ ಹೆಸರ ಹೋಗತೈತಿ."

"ನಾವೇನ ಹೇಳೂದಿಲ್ಲ ಸಾಹೇಬ್ರ" ಅಂದ ಅಂದಪ್ಪ. "ಬಡವರು ನಾವು."

ಬಡವರು ನಾವು ಅಂದ ತಂಗಿ! ಕೈಯಾಗಿನ ಎರಡ ಉಂಗುರ ಲೈಟಿಗೆ ಮಿಂಚತಿದ್ದವು. ಚಪ್ಪಲಿ ಕೈಗೆ ಬಂದಿತ್ತು, ಸೌಂದರ್ಯಾ ಕಸಗೊಂಡ್ಲು.

ಅಂಬರೀಶ ಅಂದಪ್ಪನ್ನ ಬಿಟ್ಟು ನೀಲಗಂಗವ್ವನ ಕಡೆ ತಿರುಗಿದ. "ಅವ್ವಾರ, ಅವತ್ತ ನಾ ಕೇಳಿದಾಗ ನೀವ ಇಲ್ಲ ಅಂದಿದ್ರಿ. ಮತ್ತೊಮ್ಮೆ ಕೇಳತೀನಿ. ಆ ಫ್ರಿಜ್ ಯಾರ್ದು?"

ಅಂದಪ್ಪ ಗಂಟಲಾ ಸರಿ ಮಾಡಿದ, ಆ ಕೆಮ್ಮಿನ್ಯಾಗ ಇಪ್ಪತ್ತೈದ ವರ್ಷದ ಸಂಸಾರ ಇತ್ತು. ಶಾಂಭವಿ ಕೈಯಾಗ ಪೆನ್ನು, ಸಹಿ ಮಾಡಾಕ ಹೋದಾಕಿ ಹಂಗ ನಿಂತ್ಲು. ನೀಲಗಂಗವ್ವ ಮೊದಲ ತನ್ನ ಮಗಳನ್ನ ನೋಡಿದ್ಲು. ಆಮ್ಯಾಲೆ ನನ್ನ ಮೊಮ್ಮಗಳನ್ನ ನೋಡಿದ್ಲು, ಮಾರಿ ಅಲ್ಲ, ಕೈ. ಮೂರ ದಿನ ಕುಡಗೋಲ ಹಿಡದು ಬೊಬ್ಬಿ ಎದ್ದ ಕೈ. ಸೆರಗ ತಲಿ ಮ್ಯಾಲೆ ಎಳಕೊಂಡ್ಲು, ಗಂಡಗ ಬೆನ್ನ ಮಾಡಿ ನಿಂತ್ಲು, ಬಾಯಿ ತಗದ್ಲು.

ಏನಂದಿರಬೇಕು? ನನ್ನ ಮಾರಿ ಯಾಕ ನೋಡ್ತೀ, ನನ್ನ ಮಾರ್ಯಾಗ ಬರದಿಲ್ಲ. ಆಕಿನೂ ಒಬ್ಬ ಹುಡಿಗಿ ತಾಯಿ, ನೀನೂ ನಾಳೆ ತಾಯಿ ಆಗೂವಾಕಿ. ಆಕಿ ಜಾಗಾದಾಗ ನಿಂತು ನೀನ ಹೇಳು ನೋಡೂಣು.